ಕೂಡು ಕುಟುಂಬದ ಹಳೆಯ ವಾದ

"ಹಿಂದೆ ಎಲ್ಲ ಕಡೆ ದೊಡ್ಡ ದೊಡ್ಡ ಕುಟುಂಬಗಳಿದ್ದವು, ಈಗ ಒಡೆದುಹೋದವು." ಈ ವಾದ ಇವತ್ತೂ ಕಿವಿಗೆ ಬಿತ್ತು. ಕೇಳಿದಾಗೆಲ್ಲ ನನಗೆ ಪೀಟರ್ ಲ್ಯಾಸ್ಲೆಟ್ ನೆನಪಾಗುತ್ತಾರೆ. ಇಂಗ್ಲೆಂಡಿನ ಈ ಇತಿಹಾಸಕಾರ ಜನರ ಹಳೆಯ ಪಟ್ಟಿಗಳನ್ನು ಹುಡುಕಿ ಲೆಕ್ಕ ಹಾಕಿದರು. ಕಾರ್ಖಾನೆಗಳು ಬರುವುದಕ್ಕೆ ಎಷ್ಟೋ ಮೊದಲೇ ಅಲ್ಲಿ ಒಂದು ಮನೆಯಲ್ಲಿ ಸರಾಸರಿ 5 ಜನರೂ ಇರಲಿಲ್ಲ. ಅದರಲ್ಲಿ ಮನೆಯಾಳುಗಳೂ ಸೇರಿದ್ದರು! ಮದುವೆ ತಡವಾಗಿ ಆಗುತ್ತಿತ್ತು, ಆದವರು ಬೇರೆ ಮನೆ ಮಾಡುತ್ತಿದ್ದರು. ಮೊಮ್ಮಕ್ಕಳು ಬೆಳೆಯುವವರೆಗೆ ಬದುಕುವ ಅಜ್ಜ-ಅಜ್ಜಿಯರೂ ಕಡಿಮೆ. ಎಲ್ಲ ದೇಶಗಳಲ್ಲೂ ಹೀಗಿತ್ತು ಅಂತ ಅಲ್ಲ, ಬಿಡಿ.

ನನಗೆ ಕಾಣುವ ದೊಡ್ಡ ಬದಲಾವಣೆ ಮನೆಯವರ ಸಂಖ್ಯೆಯದಲ್ಲ, ಕುಟುಂಬದ ಕೆಲಸದ್ದು. ಮೊದಲು ದುಡಿಮೆ, ಕಲಿಕೆ, ಆರೈಕೆ, ಮುಪ್ಪಿನ ಆಸರೆ ಎಲ್ಲ ಮನೆಯೊಳಗೇ. ಒಂದೊಂದಾಗಿ ಹೊರಗೆ ಹೋದವು. 1889ರಲ್ಲಿ ಜರ್ಮನಿ ವೃದ್ಧರ ಪಿಂಚಣಿಗೆ ಕಾನೂನನ್ನೇ ಮಾಡಿತು. ಕೆಲಸ ಕಡಿಮೆಯಾಯಿತು, ನಿರೀಕ್ಷೆ ಮಾತ್ರ ಜಾಸ್ತಿಯಾಯಿತು. ಈಗ ಗಂಡ-ಹೆಂಡತಿ ಗೆಳೆಯರೂ ಆಗಬೇಕು, ಅಪ್ಪ-ಅಮ್ಮ ಮಕ್ಕಳ ಮನಸ್ಸನ್ನೂ ಓದಬೇಕು. ಸುಮ್ನೆ ಆಗುವ ಕೆಲಸವಾ ಇದು? ಇನ್ನು ಕಾಯಿಲೆ ಬಿದ್ದವರ ಪಕ್ಕ ರಾತ್ರಿ ಕೂರುವ ಪಾಳಿ ಈಗಲೂ ಹೆಚ್ಚಾಗಿ ಹೆಂಗಸರದೇ. ಅದೊಂದು ಯಾಕೆ ಇಷ್ಟು ನಿಧಾನವಾಗಿ ಬದಲಾಗುತ್ತದೋ!