ಎರಡು ಎಕರೆ ಜಮೀನು ತಗೋಬೇಕು, ಮೊದಲು ಏನು ನೋಡಬೇಕು?

ನಾನು ತುಮಕೂರು ಕಡೆ ತೋಟ ಮಾಡಿಕೊಂಡಿದ್ದೇನೆ ಅಂತ ಗೊತ್ತಾದರೆ ಸಾಕು, ಬೆಂಗಳೂರಿನ ಸ್ನೇಹಿತರು, ನೆಂಟರು ಕೇಳುವುದು ಒಂದೇ. "ನಮಗೂ ಎರಡು ಎಕರೆ ತಗೋಬೇಕು. ಸಣ್ಣ ಮನೆ, ನಾಲ್ಕು ತೆಂಗು, ಮನೆಗಾಗುವಷ್ಟು ತರಕಾರಿ. ನಿಮ್ಮ ಕಡೆ ಎಕರೆಗೆ ಎಷ್ಟು ನಡೀತಿದೆ? ಏನೇನು ನೋಡಬೇಕು?"

ಬೆಲೆಯ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ. ಒಂದೇ ಊರಲ್ಲಿ ರಸ್ತೆಯ ಈ ಕಡೆಗೂ ಆ ಕಡೆಗೂ ಬೆಲೆ ಬೇರೆ. ಏನು ನೋಡಬೇಕು ಅನ್ನುವುದಕ್ಕೆ ಮಾತ್ರ ನನ್ನ ಉತ್ತರ ಬದಲಾಗಿಲ್ಲ. ಮೊದಲು ದಾರಿ, ಆಮೇಲೆ ನೀರು, ಆಮೇಲೆ ಕಾಗದ. ಮಣ್ಣು, ಬೆಟ್ಟದ ನೋಟ, ಚೌಕಾಸಿ ಎಲ್ಲ ಅದಾದ ಮೇಲೆ.

"ನಾವು ರೈತರಲ್ಲ, ತಗೋಬಹುದಾ?" ಅಂತಲೂ ಕೇಳುತ್ತಾರೆ. ತಗೋಬಹುದು. ಕೃಷಿ ಕುಟುಂಬದವರೇ ಆಗಿರಬೇಕು, ಬೇರೆ ಆದಾಯ ಇಷ್ಟರೊಳಗೇ ಇರಬೇಕು ಅನ್ನುವ ಕಟ್ಟುಪಾಡನ್ನು 2020ರಲ್ಲಿ ಕರ್ನಾಟಕದ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿ ತೆಗೆದುಹಾಕಿತು. ಹೊರದೇಶದಲ್ಲಿರುವ ನಮ್ಮವರಿಗೆ ಮಾತ್ರ ಬೇರೆ ನಿಯಮ. ಅನಿವಾಸಿ ಭಾರತೀಯರು ಮತ್ತು ಒಸಿಐ ಕಾರ್ಡ್ (ಹೊರದೇಶದ ಪೌರತ್ವ ಪಡೆದ ಭಾರತೀಯ ಮೂಲದವರಿಗೆ ಕೊಡುವ ಕಾರ್ಡ್) ಇರುವವರು ಇಲ್ಲಿ ಮನೆ, ಸೈಟು ಕೊಳ್ಳಬಹುದು. ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಅಪ್ಪ ಅಮ್ಮನಿಂದ ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. ಇದು ಗೊತ್ತಿಲ್ಲದೆ ಮುಂಗಡ ಕೊಟ್ಟುಬಿಡುವವರು ಇದ್ದಾರೆ.

ಈಗ ದಾರಿ. ಜಮೀನು ತೋರಿಸುವವರು ನಿಮ್ಮನ್ನು ಪಕ್ಕದವರ ಬದುವಿನ ಮೇಲೆ ನಡೆಸಿಕೊಂಡು ಹೋಗುತ್ತಾರೆ. ದಾರಿ ಎಲ್ಲಿ ಅಂತ ಕೇಳಿದರೆ "ಇದೇ ದಾರಿ, ನಮ್ಮ ತಾತನ ಕಾಲದಿಂದ ಓಡಾಡ್ತಾ ಇದೀವಿ, ಯಾರೂ ಏನೂ ಅನ್ನಲ್ಲ" ಅನ್ನುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ಪಕ್ಕದ ಹೊಲದವರು ಅವರ ದಾಯಾದಿಗಳೋ, ಮಾವನ ಕಡೆಯವರೋ ಆಗಿರುತ್ತಾರೆ. ಆ ದಾರಿ ನಿಂತಿರುವುದು ನೆಂಟಸ್ತಿಕೆಯ ಮೇಲೆ. ಜಮೀನು ನಿಮ್ಮ ಹೆಸರಿಗೆ ಬಂದ ದಿನ ಆ ನೆಂಟಸ್ತಿಕೆ ನಿಮ್ಮ ಜೊತೆ ಬರುವುದಿಲ್ಲ. ನಡೆದು ಹೋಗಲು ಯಾರೂ ಬೇಡ ಅನ್ನದೆ ಇರಬಹುದು. ಆದರೆ ಬೋರ್‌ವೆಲ್ ಲಾರಿ ಹೋಗಬೇಕು, ಮನೆ ಕಟ್ಟಲು ಜಲ್ಲಿ, ಮರಳು ಹೋಗಬೇಕು, ಟ್ರ್ಯಾಕ್ಟರ್ ತಿರುಗಬೇಕು. ಜಗಳ ಶುರುವಾಗುವುದು ಅಲ್ಲಿ.

ಹಾಗಾಗಿ ಗ್ರಾಮ ನಕ್ಷೆ ತೆಗೆಸಿ ನೋಡಿ. ಅದರಲ್ಲಿ ಗುರುತಾಗಿರುವ ದಾರಿಯನ್ನೇ ಹಳ್ಳಿಯಲ್ಲಿ 'ನಕಾಶೆ ದಾರಿ' ಅನ್ನುವುದು. ನಿಮ್ಮ ಸರ್ವೆ ನಂಬರಿಗೆ ಅದು ಮುಟ್ಟುತ್ತದೆಯೇ? ಮುಟ್ಟಿದರೂ ನೆಲದ ಮೇಲೆ ಇದೆಯೇ, ಇಲ್ಲ ಯಾರಾದರೂ ಉತ್ತು ಹೊಲಕ್ಕೆ ಸೇರಿಸಿಕೊಂಡಿದ್ದಾರೆಯೇ? ಸರ್ಕಾರದ ದಿಶಾಂಕ್ ಆ್ಯಪ್ ಹಾಕಿಕೊಂಡು ಹೊಲದಲ್ಲೇ ನಿಂತರೆ ಯಾವ ಸರ್ವೆ ನಂಬರಿನಲ್ಲಿ ಇದ್ದೀರಿ ಅಂತ ಸುಮಾರಾಗಿ ತಿಳಿಯುತ್ತದೆ. ಅಳತೆಗೆ ಅದನ್ನು ನಂಬಬೇಡಿ, ಅದಕ್ಕೆ ಸರ್ವೆಯವರೇ ಬೇಕು. ನಕಾಶೆ ದಾರಿ ಇಲ್ಲದಿದ್ದರೆ ದಾರಿಗೆ ಬೇಕಾದ ಗುಂಟೆಗಳನ್ನು ಪಕ್ಕದವರಿಂದ ಕೊಂಡುಕೊಳ್ಳಿ. ಇಲ್ಲವಾದರೆ ಅಗಲ ಎಷ್ಟು ಅಡಿ ಅಂತ ಬರೆಸಿ, ದಾರಿಯ ಹಕ್ಕನ್ನು ನೋಂದಣಿ ಮಾಡಿಸಿಕೊಳ್ಳಿ. ಇದೆಲ್ಲ ನಿಮ್ಮ ಕ್ರಯಕ್ಕೆ ಮೊದಲೇ ಆಗಬೇಕು. ಆಮೇಲೆ ಕೇಳಿದರೆ ಆ ಗುಂಟೆಯ ಬೆಲೆಯೇ ಬೇರೆ.

ನೀರಿನ ವಿಷಯಕ್ಕೆ ಬಂದರೆ, ಜಮೀನನ್ನು ಏಪ್ರಿಲ್‌ನಲ್ಲಿ ಹೋಗಿ ನೋಡಿ. ನವೆಂಬರ್‌ನಲ್ಲಿ ಎಲ್ಲ ಜಮೀನೂ ಚೆಂದ. ಬೇಸಿಗೆಯಲ್ಲಿ ಪಕ್ಕದವರ ಬೋರ್‌ನಲ್ಲಿ ನೀರು ಎಷ್ಟು ಹೊತ್ತು ನಿಲ್ಲದೆ ಬರುತ್ತದೆ, ಎಷ್ಟು ಅಡಿಗೆ ಮೋಟಾರು ಬಿಟ್ಟಿದ್ದಾರೆ, ಸುತ್ತ ಎಷ್ಟು ಬೋರ್ ಫೇಲ್ ಆಗಿವೆ ಅಂತ ಕೇಳಿ. ಮಾರುವವರಿಗಿಂತ ಸುತ್ತಲಿನವರು ಇದನ್ನು ಸರಿಯಾಗಿ ಹೇಳುತ್ತಾರೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಾವಿರ ಅಡಿ ದಾಟಿ ಕೊರೆದರೂ ನೀರು ಸಿಗದ ಊರುಗಳಿವೆ. ಅಲ್ಲಿ ಬೋರ್ ನಂಬಿ ಜಮೀನು ಕೊಳ್ಳುವುದನ್ನು ನಾನು ಒಪ್ಪುವುದಿಲ್ಲ.

ಲೆಕ್ಕ ಹಾಕುವುದು ಕಷ್ಟವಲ್ಲ. ತೆಂಗನ್ನು 30 ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 48 ಮರ. ಬೇಸಿಗೆಯಲ್ಲಿ ಮರಕ್ಕೆ ದಿನಕ್ಕೆ 60 ಲೀಟರ್ ಹನಿ ನೀರಾವರಿಯಲ್ಲಿ ಕೊಟ್ಟರೂ 3 ಸಾವಿರ ಲೀಟರ್ ಒಳಗೇ ಆಗುತ್ತದೆ. ಅಡಿಕೆಯನ್ನು 9 ಅಡಿಗೆ ಒಂದರಂತೆ ಇಟ್ಟರೆ ಎಕರೆಗೆ 530ಕ್ಕಿಂತ ಜಾಸ್ತಿ ಗಿಡ. ಗಿಡಕ್ಕೆ 18 ಲೀಟರ್ ಅಂದುಕೊಂಡರೂ ದಿನಕ್ಕೆ ಒಂಬತ್ತೂವರೆ ಸಾವಿರ ಲೀಟರ್‌ಗಿಂತ ಜಾಸ್ತಿ ಬೇಕು. ನಮ್ಮ ಬಯಲುಸೀಮೆಯಲ್ಲಿ ಅಡಿಕೆ ಹಬ್ಬಿದ ಕಡೆಯೆಲ್ಲ ಬೋರ್‌ಗಳು ಆಳಕ್ಕೆ ಹೋಗುತ್ತಿರುವುದು ಸುಮ್ನೆ ಅಲ್ಲ. ಹೊಸಬರು ಬಂದು ಮತ್ತೆ ಅಡಿಕೆಯನ್ನೇ ಇಡುವುದು ನೋಡಿದರೆ ನನಗೆ ಬೇಜಾರಾಗುತ್ತದೆ. ಆ ನೀರನ್ನು ಪಕ್ಕದ ರಾಗಿ ಹೊಲದವರ ಜೊತೆ ಹಂಚಿಕೊಳ್ಳುತ್ತಿದ್ದೇವೆ, ಅಲ್ವಾ?

ಇನ್ನೊಂದು ಲೆಕ್ಕ ಎಲ್ಲರಿಗೂ ಹೇಳುತ್ತೇನೆ. ವರ್ಷಕ್ಕೆ 600 ಮಿ.ಮೀ. ಮಳೆ ಬಿದ್ದರೆ ಒಂದು ಎಕರೆ ಮೇಲೆ ಬೀಳುವ ನೀರು ಸುಮಾರು 24 ಲಕ್ಷ ಲೀಟರ್. ಎಲ್ಲವನ್ನೂ ಹಿಡಿಯಲು ಆಗುವುದಿಲ್ಲ. ಬದು ಗಟ್ಟಿ ಮಾಡಿ, ಇಳಿಜಾರಿನ ಕೆಳಗೆ ಕೃಷಿ ಹೊಂಡ ತೆಗೆಸಿದರೆ ಒಂದು ಪಾಲಾದರೂ ನಿಮ್ಮದಾಗುತ್ತದೆ. ಅದಕ್ಕೇ ಜಮೀನು ನೋಡುವಾಗ ಇಳಿಜಾರು ಯಾವ ಕಡೆಗಿದೆ, ಮಳೆಗಾಲದಲ್ಲಿ ಹಳ್ಳ ಎಲ್ಲಿ ಹರಿಯುತ್ತದೆ ಅಂತ ಕೇಳಿ.

ಕಾಗದಕ್ಕೆ ಒಳ್ಳೆಯ ವಕೀಲರನ್ನು ಹಿಡಿಯಿರಿ. ಆದರೂ ಕೆಲವನ್ನು ನೀವೇ ನೋಡಲು ಕಲಿಯಬೇಕು. ಪಹಣಿ ಅಂದರೆ ಜಮೀನಿನ ಹಕ್ಕು, ಬೆಳೆಯ ವಿವರ ಇರುವ ಕಂದಾಯ ದಾಖಲೆ, ಆರ್‌ಟಿಸಿ ಅಂತಲೂ ಅನ್ನುತ್ತಾರೆ. ಅದರಲ್ಲಿ 9ನೇ ಕಾಲಂ ಮಾಲೀಕರ ಹೆಸರು, 11ನೇ ಕಾಲಂ ಸಾಲ, ಇತರೆ ಹಕ್ಕು. ಖರಾಬು, ಅಂದರೆ ಬೇಸಾಯಕ್ಕೆ ಸೇರದ ಜಾಗ, ಎಷ್ಟು ಗುಂಟೆ ಅಂತ ನೋಡಿ. 'ಬಿ' ಖರಾಬು ಅಂದರೆ ದಾರಿ, ಹಳ್ಳದಂಥ ಸಾರ್ವಜನಿಕ ಜಾಗ. ಅದಕ್ಕೆ ದುಡ್ಡು ಕೊಡಬೇಡಿ. ಒಂದು ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಳ್ಳುವುದಾದರೆ 11ಇ ನಕ್ಷೆ, ಅಂದರೆ ಆ ಭಾಗವನ್ನು ಅಳೆದು ಗುರುತಿಸಿದ ಸರ್ವೆ ನಕ್ಷೆ, ಆಗಿರಬೇಕು. ಪಹಣಿ, ಆಕಾರ್‌ಬಂದ್ (ಸರ್ವೆ ಇಲಾಖೆಯ ವಿಸ್ತೀರ್ಣದ ದಾಖಲೆ), ನೆಲದ ಮೇಲಿನ ಅಳತೆ ಮೂರೂ ತಾಳೆಯಾಗಬೇಕು.

ವಂಶವೃಕ್ಷ ತರಿಸಿ, ಹೆಣ್ಣುಮಕ್ಕಳ ಹೆಸರು ಎಲ್ಲಾ ಇದೆಯೇ ನೋಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಬಂದ ತಿದ್ದುಪಡಿಯ ನಂತರ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಆ ತಿದ್ದುಪಡಿ ಬಂದಾಗ ತಂದೆ ಬದುಕಿರಲೇಬೇಕು ಅಂತಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ. "ಅಕ್ಕ ತಂಗೀರು ಏನೂ ಕೇಳಲ್ಲ ಬಿಡಿ" ಅಂದರೆ ಒಪ್ಪಬೇಡಿ. ಅವರ ಮನೆಗೆ ಹೋಗಿ ಮಾತಾಡಿ, ಅವರ ಪಾಲಿನ ಹಣ ಅವರ ಕೈಸೇರುವಂತೆ ಮಾಡಿ, ಸಹಿ ಹಾಕಿಸಿ. ಕಾನೂನಿಗೆ ಬೇಕು ಅಂತ ಮಾತ್ರ ಹೇಳುತ್ತಿಲ್ಲ. ಅದು ಅವರ ದುಡ್ಡು.

ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿನ ವಿಷಯವೂ ಹೀಗೇ. ಇಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಅದನ್ನು ಮಾರುವಂತಿಲ್ಲ. ನಡುವೆ ಎಷ್ಟು ಕೈ ಬದಲಾಗಿದ್ದರೂ ಅದು ಮೂಲದವರಿಗೆ ವಾಪಸ್ ಹೋಗಬಹುದು. ಅರ್ಜಿ ಹಾಕಲು ಕಾಲಮಿತಿ ಇಲ್ಲ ಅಂತ 2023ರ ತಿದ್ದುಪಡಿ ಹೇಳುತ್ತದೆ. ಈ ಕಾಯ್ದೆ ಇರಬೇಕಾದ್ದೇ. ಅಂಥ ಜಮೀನು ಅಗ್ಗಕ್ಕೆ ಬಂದರೂ ಮುಟ್ಟಬೇಡಿ. ಈಗಿನ ಪಹಣಿಯಿಂದ ಮಾತ್ರ ಇದು ಗೊತ್ತಾಗದೆ ಹೋಗಬಹುದು, ಮೂಲ ಮಂಜೂರಾತಿವರೆಗಿನ ದಾಖಲೆ ತೆಗೆಸಲೇಬೇಕು.

ಹೆದ್ದಾರಿ ಪಕ್ಕ ಬೇಲಿ, ಗೇಟು ಹಾಕಿ ಐದೈದು ಗುಂಟೆ ಮಾರುವ 'ಫಾರ್ಮ್ ಪ್ಲಾಟ್' ಬಗ್ಗೆಯೂ ಕೇಳುತ್ತಾರೆ. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ. ಐದು ಗುಂಟೆಯಲ್ಲಿ ಮನೆ ಎದ್ದರೆ ಬೇಸಾಯಕ್ಕೆ ಉಳಿಯುವುದು ಹಿತ್ತಿಲು. ಅದು ಬೇಸಾಯ ಮಾಡಬೇಕು ಅನ್ನುವವರಿಗಲ್ಲ.

ಇಷ್ಟು ನೋಡಿ ಕೊಂಡಿರಿ ಅಂದುಕೊಳ್ಳೋಣ. ಮೊದಲ ವರ್ಷವೇ ಜೆಸಿಬಿ ತಂದು ಇರುವ ಹುಣಸೆ, ಹೊಂಗೆ, ಬೇವು ಕೀಳಿಸಬೇಡಿ. ಸುತ್ತ ಮುಳ್ಳುತಂತಿ ಬಿಗಿಯುವುದಕ್ಕೂ ಆತುರ ಬೇಡ. ಮೊದಲು ಸರ್ವೆ ಮಾಡಿಸಿ, ಪಕ್ಕದವರು ಎದುರಲ್ಲೇ ಇರುವಾಗ ಕಲ್ಲು ನೆಡಿಸಿ. ಮುಂಗಾರಿಗೆ ರಾಗಿ ಜೊತೆ ಅವರೆ, ತೊಗರಿ ಸಾಲು ಬಿಡಿ. ಮಳೆ ತಡವಾದರೆ ಹುರುಳಿ ಚೆಲ್ಲಿ. ಊರಿನವರಿಗೆ ಕೂಲಿ ಕೊಟ್ಟು, ಅವರ ಜೊತೆ ಹೊಲದಲ್ಲಿರಿ. ನೀರು ಎಲ್ಲಿ ನಿಲ್ಲುತ್ತದೆ, ಹಂದಿ ಯಾವ ಕಡೆಯಿಂದ ನುಗ್ಗುತ್ತದೆ, ತ್ರೀ ಫೇಸ್ ಕರೆಂಟು ಯಾವ ಹೊತ್ತಿಗೆ ಬರುತ್ತದೆ ಅನ್ನುವುದು ಆ ವರ್ಷದಲ್ಲಿ ತಿಳಿಯುತ್ತದೆ. ಮನೆ ಎಲ್ಲಿ ಕಟ್ಟಬೇಕು, ತೆಂಗಿನ ಗುಂಡಿ ಎಲ್ಲಿ ತೆಗೆಯಬೇಕು ಅನ್ನುವುದನ್ನು ಎರಡನೇ ಮುಂಗಾರಿಗೆ ಮುಂಚೆ ತೀರ್ಮಾನ ಮಾಡಿದರೆ ಸಾಕು.