ನೆಲಗುಬ್ಬಿ ಸಮೀಕ್ಷೆ: ಹೆಣ್ಣುಗಳು ಲೆಕ್ಕದಿಂದ ಜಾರಿಹೋಗುವುದು ಎಲ್ಲಿ?

ಬಯಲುಸೀಮೆಯ ಹಕ್ಕಿ ಸಮೀಕ್ಷೆಗೆ ಹೊಸದಾಗಿ ಸೇರಿದವರ ಶೀಟಿನಲ್ಲಿ ನೆಲಗುಬ್ಬಿಯ (ಲಾರ್ಕ್ ಕುಟುಂಬದ ಪುಟ್ಟ ನೆಲಹಕ್ಕಿ, ಇಂಗ್ಲಿಷಿನಲ್ಲಿ Ashy-crowned Sparrow-Lark) ಸಾಲಿಗೆ ಬಂದರೆ ಬರೀ ಗಂಡುಗಳೇ. ಬೂದು ನೆತ್ತಿ, ಬಿಳಿ ಕೆನ್ನೆ, ಕಪ್ಪು ಹೊಟ್ಟೆ; ಸಾಲದ್ದಕ್ಕೆ ಸುಮಾರು 30 ಮೀಟರ್ ಮೇಲೇರಿ, ರೆಕ್ಕೆ ಮಡಚಿ ಧುಮುಕಿ, ಮತ್ತೆ ಚಿಮ್ಮಿ ಸಿಳ್ಳೆ ಹೊಡೆಯುತ್ತದೆ. ಜೀಪಿನಲ್ಲಿ ಕೂತವರಿಗೂ ಕಾಣುತ್ತದೆ. ಹೆಣ್ಣು ಮಣ್ಣಿನದೇ ಬಣ್ಣ. ಜನ ಬಂದರೆ ಹಾರುವ ಬದಲು ಹೆಂಟೆಯ ಪಕ್ಕ ಮುದುಡಿ ಕೂರುತ್ತದೆ.

ಆದ್ದರಿಂದ ಬೆಳಗ್ಗೆ ಬಿಸಿಲೇರುವ ಮುನ್ನ ನಡೆದೇ ಹೋಗಿ. ಗಂಡು ಇಳಿದ ಜಾಗದ ಸುತ್ತ ಬೈನಾಕ್ಯುಲರ್ ಹಾಯಿಸಿ, ಅಲ್ಲೇ ಹತ್ತು ನಿಮಿಷ ನಿಲ್ಲಿ. ಸಂಶಯ ಬಂದರೆ ಮೊದಲು ಕೊಕ್ಕು ನೋಡಿ: ನೆಲಗುಬ್ಬಿಯದು ಊರ ಗುಬ್ಬಿಯದರಂತೆ ಮೋಟು, ದಪ್ಪ. ಎದೆಯ ಮೇಲೆ ಕಪ್ಪು ಚುಕ್ಕೆ, ರೆಕ್ಕೆಯಲ್ಲಿ ಕೆಂಗಂದು ಕಂಡರೆ ಅದು ಇದೇ ಕುಟುಂಬದ ಬುಷ್‌ಲಾರ್ಕ್. ಕೆಂಗಂದು ಬಾಲದ ತುದಿಗೆ ಕಪ್ಪು ಪಟ್ಟಿಯಿದ್ದರೆ ರೂಫಸ್‌ಟೇಲ್ಡ್ ಲಾರ್ಕ್. ಪೊದೆಯ ತುದಿಯಲ್ಲಿ ಕೂತು ಹಾಡುವುದು ಬುಷ್‌ಲಾರ್ಕ್‌ನ ಚಾಳಿ, ನೆಲಗುಬ್ಬಿಯದಲ್ಲ. ಆದರೆ ಕರೆಂಟು ತಂತಿಯ ಮೇಲೆ ನೆಲಗುಬ್ಬಿಯೂ ಆಗಾಗ ಕೂರುತ್ತದೆ, ತಂತಿ ನೋಡಿ ತೀರ್ಮಾನಿಸಬೇಡಿ.

ಹುಡುಕುವ ಜಾಗವನ್ನೂ ಹಲವರು ತಪ್ಪಾಗಿ ಆರಿಸುತ್ತಾರೆ. ಹೆಸರಘಟ್ಟದ್ದೋ ಮೈದನಹಳ್ಳಿಯದೋ ಹುಲ್ಲುಗಾವಲಿಗೆ ಹೋದರೆ ಎತ್ತರದ ಹುಲ್ಲಿನತ್ತಲೇ ಎಲ್ಲರ ಕಣ್ಣು. ಈ ಹಕ್ಕಿಗೆ ಬೇಕಾದ್ದು ಬೋಳು ನೆಲ: ಉತ್ತು ಬಿಟ್ಟ ಹೊಲ, ಕುರಿ ಮೇಯ್ದ ಬಯಲು, ಮಣ್ಣಿನ ಬಂಡಿದಾರಿ. ಅಂಥ ನೆಲದಲ್ಲಿ ಸಸಿ ನೆಟ್ಟು 'ಹಸಿರು' ಮಾಡುವುದು ಈ ಹಕ್ಕಿಯನ್ನು ಓಡಿಸಿದಂತೆಯೇ.

ಗೂಡೆಂದರೆ ಹೆಂಟೆ ಅಥವಾ ಹುಲ್ಲಿನ ಬುಡಕ್ಕೆ ತಾಗಿದ ಸಣ್ಣ ಗುಳಿ. ಒಳಗೆ ಹುಲ್ಲು, ಕೂದಲು. ಕೆಲವೊಮ್ಮೆ ಅಂಚಿಗೆ ಪುಟ್ಟ ಕಲ್ಲುಗಳು. ಮೊಟ್ಟೆ 2 ಅಥವಾ 3. ಗೂಡು ಹುಡುಕಲು ನೆಲ ಜಾಲಾಡಬೇಡಿ, ತುಳಿದುಬಿಡುತ್ತೀರಿ. ದೂರ ಕೂತು, ಬಾಯಲ್ಲಿ ಹುಳ ಕಚ್ಚಿಕೊಂಡ ಹಕ್ಕಿ ಎಲ್ಲಿ ಇಳಿಯುತ್ತದೆ, ಎತ್ತ ನಡೆಯುತ್ತದೆ ನೋಡಿ. ಅದು ಇಳಿಯುವುದು ಗೂಡಿನ ಮೇಲಲ್ಲ, ಆಚೆ ಇಳಿದು ನಡೆದು ಬರುತ್ತದೆ. ಗುರುತಿಗೆ ಬಟ್ಟೆಯನ್ನಾಗಲಿ ಕೋಲನ್ನಾಗಲಿ ನೆಡಬೇಡಿ, ಕಾಗೆಗೆ ವಿಳಾಸ ಕೊಟ್ಟಂತಾಗುತ್ತದೆ. ಕೆಲವು ಹೆಜ್ಜೆ ಹಿಂದೆಯೇ ನಿಂತು ಜಿಪಿಎಸ್ ಬಿಂದು ತೆಗೆದು, ಗೂಡಿನ ದಿಕ್ಕು, ಅಂದಾಜು ದೂರ ಬರೆದುಕೊಂಡರೆ ಸಾಕು.

ನೆಲ ಸಮತಟ್ಟು ಮಾಡುವ ಯೋಜನೆಗೆ ವರದಿ ಬರೆಯುವವರು ಇನ್ನೊಂದು ಲೆಕ್ಕ ಇಟ್ಟುಕೊಳ್ಳಬೇಕು. ಕಾವಿನ ಅವಧಿ 13-14 ದಿನ, ಅದರ ಮೇಲೆ ಮರಿಗಳು ಗೂಡು ಬಿಡುವ ದಿನಗಳೂ ಸೇರುತ್ತವೆ. ಮೊಟ್ಟೆ ಕಂಡ ಮರುವಾರವೇ ಜೆಸಿಬಿಗೆ ಒಪ್ಪಿಗೆ ಬರೆದರೆ ಆ ಗೂಡು ಉಳಿಯುವುದಿಲ್ಲ.