ಕೇಬಲ್ ತೆಗೆಸಿದ ಮೇಲೆ ಕಿವಿಗೆ ಬಿದ್ದದ್ದು

ನಮ್ಮ ಮನೆಯಲ್ಲಿ ಕೇಬಲ್ ಇಲ್ಲ ಎಂದರೆ ಜನ ಮೊದಲು ಕೇಳುವುದು ಒಂದೇ ಮಾತು. “ಯಾಕ್ರೀ, ಬಿಲ್ ಕಟ್ಟಿರಲಿಲ್ವಾ?” ಕಟ್ಟಿದ್ದೆವು. ತಿಂಗಳು ತಪ್ಪದೆ ಕಟ್ಟಿದ್ದೆವು. ನಾನೇ ಬೇಡ ಎಂದು ತೆಗೆಸಿದೆ ಎಂದರೆ ಮುಖ ಒಂಥರಾ ಮಾಡುತ್ತಾರೆ. ಗಂಡ ಹೆಂಡತಿ ಜಗಳ ಇರಬೇಕು ಅಂದುಕೊಳ್ಳುತ್ತಾರೆ. ಅಳತೆ ಬ್ಲೌಸ್ ಕೊಡಲು ಬಂದ ಒಬ್ಬರಂತೂ ಟಿವಿ ಮೇಲೆ ಹೊದಿಸಿದ್ದ ಬಟ್ಟೆ ನೋಡಿ, “ಯಾರಾದ್ರೂ ತೀರ್ಕೊಂಡ್ರಾ?” ಎಂದು ಮೆಲ್ಲಗೆ ಕೇಳಿದರು.

ನಾನು ದಾವಣಗೆರೆಯ ನಿಟುವಳ್ಳಿಯಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಫಾಲ್, ಜಿಗ್‌ಜಾಗ್, ಕುಚ್ಚು, ಎಲ್ಲ. ಮಷಿನ್ ಇರುವುದು ಹಾಲ್‌ನಲ್ಲಿ, ಟಿವಿ ಎದುರಿಗೆ. ಬೆಳಿಗ್ಗೆ ಜ್ಯೋತಿಷ್ಯ, ಆಮೇಲೆ ಅಡುಗೆ, ಮಧ್ಯಾಹ್ನ ಹಳೇ ಸಿನಿಮಾ, ಸಂಜೆ ಸೀರಿಯಲ್, ಒಂಬತ್ತರ ಮೇಲೆ ನ್ಯೂಸ್ ಚಾನೆಲ್ಲಿನ ಕೂಗಾಟ. ನೋಡಿದ್ದು ಕಡಿಮೆ, ಕೇಳಿದ್ದೇ ಜಾಸ್ತಿ. ಕಣ್ಣು ಸೂಜಿ ಮೇಲಿರಬೇಕಲ್ಲ. 2019ರ ಜುಲೈನಲ್ಲಿ ಸಮ್ಮಿಶ್ರ ಸರ್ಕಾರ ಬೀಳುವಾಗ ಮುಂಬೈ ಹೋಟೆಲಿನಲ್ಲಿ ಯಾವ ಶಾಸಕರಿದ್ದಾರೆ, ಯಾರು ವಾಪಸ್ ಬಂದರು, ಎಲ್ಲ ನನಗೆ ಬಾಯಿಪಾಠ. ನಮ್ಮ ಪಾಲಿಕೆಯಲ್ಲಿ 45 ವಾರ್ಡುಗಳಿವೆ. ನಮ್ಮ ವಾರ್ಡಿನ ನಂಬರ್ ಕೇಳಿದ್ದರೆ ಮಾತ್ರ ನೀರಿನ ಬಿಲ್ ಹುಡುಕಬೇಕಿತ್ತು.

ಅದೇ ವರ್ಷ ಫೆಬ್ರುವರಿಯಲ್ಲಿ ಕೇಬಲ್ ದರಕ್ಕೆ ನಿಯಮ ಮಾಡುವ ಕೇಂದ್ರದ ಸಂಸ್ಥೆ ಟ್ರಾಯ್‌ನ ಹೊಸ ನಿಯಮ ಬಂದಿತ್ತು, ನೆನಪಿದೆಯಾ? ನೂರು ಚಾನೆಲ್‌ಗೆ 130 ರೂಪಾಯಿ. ಮೇಲೆ ಶೇ 18ರ ಜಿಎಸ್‌ಟಿ ಸೇರಿ 153 ರೂಪಾಯಿ ಚಿಲ್ಲರೆ. ಪೇ ಚಾನೆಲ್ ಬೇಕೆಂದರೆ ಒಂದೊಂದಕ್ಕೂ ಬೇರೆ ರೇಟು. ಕೇಬಲ್ ಹುಡುಗ ಕೊಟ್ಟ ಪಟ್ಟಿ ಹಿಡಿದು ಅತ್ತೆ, ನಾನು, ಮನೆಯವರು ಮೂವರೂ ಕೂತು ಟಿಕ್ ಹಾಕಿದೆವು. ಅತ್ತೆಗೆ ಸೀರಿಯಲ್, ಇವರಿಗೆ ಕ್ರಿಕೆಟ್. ದುಡ್ಡು ಹೋಗುತ್ತಿದ್ದುದು ಅವೆರಡಕ್ಕೇ. ಕೂಗಾಡುವ ಚಾನೆಲ್ಲುಗಳು ಬಹುತೇಕ ಪುಕ್ಕಟೆ ಪಟ್ಟಿಯಲ್ಲೇ ಇದ್ದವು. ಪುಕ್ಕಟೆ ಅಂತಲೇ ದಿನವಿಡೀ ಹಚ್ಚಿಟ್ಟಿದ್ದೆನೋ ಏನೋ.

ತೆಗೆಸಬೇಕು ಅನ್ನಿಸಿದ್ದು 2020ರ ಜುಲೈನಲ್ಲಿ. ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ಕೆಲಸ ನಿಲ್ಲಿಸಿದ್ದರು. ಕೊರೊನಾ ಹೊತ್ತು. ನಮ್ಮ ಬೀದಿಗೆ ಬರುವ ಆಶಾ ನನ್ನ ಗಿರಾಕಿ. ಆ ಗುಲಾಬಿ ಸೀರೆಯ ಬ್ಲೌಸ್ ಹೊಲಿದುಕೊಟ್ಟವಳು ನಾನೇ. ಯಾರ ಮನೆ ಬಾಗಿಲಿಗೆ ಹೋಗಲೂ ಜನ ಹೆದರುತ್ತಿದ್ದಾಗ ಅವರು ಮನೆ ಮನೆ ತಿರುಗಿ ಜ್ವರ ಇದೆಯಾ, ಕೆಮ್ಮು ಇದೆಯಾ ಎಂದು ಬರೆದುಕೊಂಡು ಹೋದವರು. ಅವರ ಸುದ್ದಿ ಏನು ಬಂತು ಎಂದು ರಾತ್ರಿ ಚಾನೆಲ್ ಬದಲಿಸಿ ಬದಲಿಸಿ ನೋಡಿದೆ. ಕೆಳಗೆ ಓಡುವ ಪಟ್ಟಿಯಲ್ಲಿ ಒಂದು ಸಾಲು. ಮೇಲೆ, ಪರದೆ ತುಂಬ, ಯಾರೋ ಸಿನಿಮಾದವರ ಜಗಳ. ಒಂದೇ ಜಗಳ, ಗಂಟೆಗಟ್ಟಲೆ.

ಮುಂದಿನ ಸಲ ದುಡ್ಡಿಗೆ ಬಂದ ಕೇಬಲ್ ಹುಡುಗನಿಗೆ ಬಾಕ್ಸ್ ತೆಗೆದುಕೊಂಡು ಹೋಗು ಎಂದೆ.

“ಡಿಶ್ ಹಾಕಿಸ್ತೀರಾ ಅಕ್ಕಾ?”

“ಇಲ್ಲಪ್ಪ.”

“ಮತ್ತೆ?”

“ಮತ್ತೆ ಏನೂ ಇಲ್ಲ.”

ಅವನಿಗೆ ನಂಬಿಕೆ ಬರಲಿಲ್ಲ. ಪಕ್ಕದ ಬೀದಿಯ ಇನ್ನೊಬ್ಬ ಕೇಬಲ್‌ನವನ ಕಡೆ ಹೋಗುತ್ತಿದ್ದೇನೆ ಎಂದು ಈಗಲೂ ಅವನಿಗೆ ಗುಮಾನಿ.

ಮನೆಯವರು ಒಂದು ವಾರ ಮುನಿಸಿಕೊಂಡರು, ಆಮೇಲೆ ಮ್ಯಾಚ್‌ಗೆ ಮೊಬೈಲ್ ಹಿಡಿದರು. ಅತ್ತೆ ಏಳು ಗಂಟೆಗೆ ಪಕ್ಕದ ಮನೆಗೆ ಹೋಗುತ್ತಾರೆ. ಬರುವಾಗ ಸೀರಿಯಲ್ ಕಥೆಯ ಜೊತೆ ಬೀದಿಯ ಕಥೆಯನ್ನೂ ತರುತ್ತಾರೆ. ನನ್ನ ಅಭಿಪ್ರಾಯದಲ್ಲಿ ಎರಡನೆಯದೇ ಚೆನ್ನಾಗಿರುತ್ತದೆ. ನೀನೂ ಮೊಬೈಲ್ ನೋಡಲ್ವಾ ಎಂದು ಕೇಳಬೇಡಿ. ನೋಡುತ್ತೇನೆ. ಆದರೆ ಹೊಲಿಯುವಾಗ ಮೊಬೈಲ್ ಹಿಡಿಯಲು ಇನ್ನೊಂದು ಕೈ ಬೇಕು.

ಟಿವಿ ನಿಂತ ಮೇಲೆ ಹಾಲ್‌ನೊಳಗೆ ಬೀದಿ ಕೇಳಿಸತೊಡಗಿತು. ಪಾತ್ರೆ ಸಾಮಾನಿನವನು, ಹಳೇ ಪೇಪರಿನವನು, ಮಧ್ಯಾಹ್ನ ಸೊಪ್ಪಿನಕ್ಕ. “ಮೆಂತ್ಯ, ಸಬ್ಬಸಿಗೆ, ಪುಂಡೀ...” ಆ ಕೊನೆಯ ‘ಡೀ’ ನಮ್ಮ ಬೀದಿ ದಾಟಿ ಮುಂದಿನ ಕ್ರಾಸ್‌ವರೆಗೂ ಹೋಗುತ್ತದೆ. ಕೆಲವು ದಿನ ಆ ದನಿ ಇರಲಿಲ್ಲ. ಆಮೇಲೊಂದು ದಿನ ತಲೆ ಮೇಲೆ ಬುಟ್ಟಿ ಹೊತ್ತು ಬಂದಳು.

“ಗಾಡಿ ಎಲ್ಲಿ?”

“ಎತ್ತಿಕೊಂಡು ಹೋದ್ರು ಅಕ್ಕಾ. ತಕ್ಕಡಿ, ಬಟ್ಟು, ಛತ್ರಿ ಎಲ್ಲಾ ಹೋತು. ಚೀಟಿ ಗೀಟಿ ಏನೂ ಕೊಡ್ಲಿಲ್ಲ.”

ಎತ್ತಿಕೊಂಡು ಹೋದವರು ಯಾರು ಎಂದು ಇಲ್ಲಿ ಬರೆಯುವುದಿಲ್ಲ. ಓಡಾಡಿದ ಮೇಲೆ ಗಾಡಿ ವಾಪಸ್ ಬಂತು, ತಕ್ಕಡಿಯೂ ಬಂತು. ಛತ್ರಿ ಬರಲಿಲ್ಲ. ಅವತ್ತು ಗಾಡಿ ಮೇಲಿದ್ದ ಸೊಪ್ಪಿನ ಮಾತಂತೂ ಯಾರೂ ಎತ್ತಲಿಲ್ಲ. ಗಾಡಿ ಬಿಡಿಸಿಕೊಂಡು ಬಂದ ದಿನ ಸೊಪ್ಪಿನಕ್ಕ ನಮ್ಮ ಬಾಗಿಲಿಗೆ ನಿಂತು ಹೇಳಿದಳು: “ನಾವೆಲ್ಲ ಸೇರ್ಕೊಂಡು ಮೀಟಿಂಗ್ ಮಾಡ್ತೀವಿ. ನೀವೂ ಬರ್ರಿ. ನಿಮಗೆ ಓದಾಕ್ ಬರೆಯಾಕ್ ಬರುತ್ತೆ.”

ಹೋದೆ. ಅಶೋಕ ರಸ್ತೆ ಕಡೆ ಒಂದು ಸಣ್ಣ ರೂಮು. ಕುರ್ಚಿ ಕಡಿಮೆ, ಚಾಪೆ ಜಾಸ್ತಿ. ಗೋಡೆ ಮೇಲೆ ಅಂಬೇಡ್ಕರ್, ಭಗತ್ ಸಿಂಗ್, ಪಕ್ಕದಲ್ಲಿ ಪಂಪಾಪತಿ. ಆ ಮೂರನೇ ಫೋಟೋ ನೋಡಿ ನನಗೆ ಅಪ್ಪ ನೆನಪಾದರು. ಅಪ್ಪ ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ. ಪಂಪಾಪತಿಯವರು 1978, 1983, 1985ರಲ್ಲಿ ಇಲ್ಲಿಂದ ಸಿಪಿಐ ಶಾಸಕರಾಗಿ ಗೆದ್ದವರು. ಕಾರ್ಲ್ ಮಾರ್ಕ್ಸ್ ನಗರ ಎಂಬ ಬಡಾವಣೆ ನಮ್ಮ ಊರಲ್ಲಿದೆ ಎಂದರೆ ಬೆಂಗಳೂರಿನ ನೆಂಟರು ನಗುತ್ತಾರೆ, ಸುಮ್ನೆ ಹೇಳ್ತೀಯ ಅನ್ನುತ್ತಾರೆ. ಮಿಲ್ಲುಗಳು ಮುಚ್ಚಿದವು. ಡಿಸಿಎಂ, ಅಂದರೆ ದಾವಣಗೆರೆ ಕಾಟನ್ ಮಿಲ್ಲು, ಡಿಸಿಎಂ ಟೌನ್‌ಶಿಪ್ ಎಂಬ ಬಡಾವಣೆಯ ಹೆಸರಿನಲ್ಲಿ ಉಳಿದುಕೊಂಡಿದೆ, ಅಷ್ಟೆ. ಈಗ ದಾವಣಗೆರೆ ಎಂದರೆ ಬೆಣ್ಣೆ ದೋಸೆ. ದೋಸೆ ಬಗ್ಗೆ ನನ್ನ ತಕರಾರಿಲ್ಲ. ಆದರೆ ಮುಷ್ಕರಕ್ಕೆ ಹೆಸರಾದ ಊರು ಬರೀ ತಿಂಡಿಗೆ ಹೆಸರಾಗಿ ಕೂತಿದೆ.

ಮೊದಲ ದಿನವೇ ನನ್ನ ಕೈಗೆ ಒಂದು ಕಟ್ಟು ಕೊಟ್ಟರು. ಬೀದಿ ವ್ಯಾಪಾರಿಗಳ ಕಾಯ್ದೆ, 2014. ಜೆರಾಕ್ಸಿನ ಜೆರಾಕ್ಸಿನ ಜೆರಾಕ್ಸು, ಅಕ್ಷರ ಅರ್ಧ ಮಾಸಿತ್ತು. ಗಟ್ಟಿಯಾಗಿ ಓದಿ ಎಂದರು. ಓದಿದೆ. ಐದು ವರ್ಷಕ್ಕೊಮ್ಮೆಯಾದರೂ ಸರ್ವೆ ಮಾಡಬೇಕು. ಸರ್ವೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಆಮೇಲೂ ಎಬ್ಬಿಸಬೇಕೆಂದರೆ 30 ದಿನದ ನೋಟಿಸ್ ಕೊಡಬೇಕು. ಸಾಮಾನು ಜಪ್ತಿ ಮಾಡಿದರೆ ಏನೇನು ತೆಗೆದುಕೊಂಡರು ಎಂದು ಪಟ್ಟಿ ಬರೆದು ಸಹಿ ಹಾಕಿ ಕೊಡಬೇಕು. ಕೆಡದ ಸಾಮಾನಾದರೆ, ಬಂದು ಕೇಳಿದ ಎರಡು ಕೆಲಸದ ದಿನದೊಳಗೆ ಬಿಡಬೇಕು. ಕೆಡುವ ಸಾಮಾನಾದರೆ ಅವತ್ತೇ.

ಸೊಪ್ಪಿನಕ್ಕ ತಡೆದಳು. “ಇನ್ನೊಂದ್ಸಲ ಓದ್ರಿ ಅದನ್ನ.”

ಓದಿದೆ.

“ಕಾನೂನು ಬರೆದೋರಿಗೆ ಸೊಪ್ಪು ಬಾಡುತ್ತೆ ಅಂತ ಗೊತ್ತಿತ್ತಾ!” ಎಂದಳು. ಇಡೀ ರೂಮು ನಕ್ಕಿತು. ಅವಳು ನಗಲಿಲ್ಲ. ಆ ಸಾಲು ಎಲ್ಲಿದೆ ತೋರಿಸಿ ಎಂದು ಕೇಳಿ, ಅದರ ಪಕ್ಕ ಪೆನ್ನಿನಲ್ಲಿ ಗೀಟು ಹಾಕಿಸಿಕೊಂಡಳು.

ನಾನು ರಾತ್ರಿ ರಾತ್ರಿ ಅಷ್ಟು ಚರ್ಚೆ ಕೇಳಿದವಳು. ಅಲ್ಲಿ ಯಾರೂ ಯಾರ ಮಾತಿಗೂ “ಹೌದಾ?” ಅಂದದ್ದು ಕೇಳಿಲ್ಲ. ಇಲ್ಲಿ ಅನ್ನಲೇಬೇಕು. ನಾಳೆ ಬೆಳಿಗ್ಗೆ ಗಾಡಿ ಎಲ್ಲಿ ನಿಲ್ಲಬೇಕು ಎಂದು ತೀರ್ಮಾನ ಆಗದೆ ಎದ್ದುಹೋಗುವಂತಿಲ್ಲ. ಹಾಗಂತ ಎಲ್ಲ ಚೆಂದ ಅಂದುಕೊಳ್ಳಬೇಡಿ. ಬೇಜಾರಾಗುತ್ತದೆ. ನಮ್ಮ ಕಾಮ್ರೇಡಣ್ಣ ಮಾತು ಶುರು ಮಾಡಿದರೆ ಕ್ಯೂಬಾ ಮುಟ್ಟಿಯೇ ಹಳೇ ಬಸ್ ಸ್ಟ್ಯಾಂಡಿಗೆ ವಾಪಸ್ ಬರುವುದು.

ಮನೆಯಲ್ಲೂ ಜಗಳವಿದೆ. ನಮ್ಮ ಮನೆಯವರು ಚೌಕಿಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಅಂಗಡಿ ಮುಂದೆ ಗಾಡಿ ನಿಂತರೆ ಗಿರಾಕಿ ಒಳಗೆ ಬರುವುದು ಹೇಗೆ ಎಂದು ಅವರ ಪ್ರಶ್ನೆ. ಅದೂ ನ್ಯಾಯವೇ. ಹಬ್ಬದ ಮುಂಚೆ ಆ ರಸ್ತೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಕಾಯ್ದೆಯೂ ಎಲ್ಲಿ ಬೇಕಾದರೂ ನಿಲ್ಲಿ ಅನ್ನುವುದಿಲ್ಲ. ಜನಸಂಖ್ಯೆಯ ಶೇ 2.5ರಷ್ಟು ವ್ಯಾಪಾರಿಗಳಿಗೆ ಜಾಗ ಹೊಂದಿಸಿ, ಎಲ್ಲಿ ನಿಲ್ಲಬಹುದು ಎಲ್ಲಿ ಬೇಡ ಎಂದು ಗುರುತು ಮಾಡಿ ಅನ್ನುತ್ತದೆ. ಗುರುತು ಮಾಡುವಾಗ ಗಾಡಿಯವರನ್ನೂ ಕೂರಿಸಿಕೊಂಡು ಕೇಳಿ ಎನ್ನುವುದಷ್ಟೇ ನಮ್ಮ ಮಾತು. ಅದಕ್ಕೇ ಪಟ್ಟಣ ವ್ಯಾಪಾರ ಸಮಿತಿ ಇರುವುದು. ಅದರಲ್ಲಿ ಕನಿಷ್ಠ ಶೇ 40 ಜನ ಚುನಾಯಿತ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು.

ಇದನ್ನು ಓದಿದ ದಿನ ರೂಮಿನಲ್ಲಿ ಜೋರು ವಾದ. ಹೂವಿನಕ್ಕನ ಗಂಡ ತನ್ನ ಹೆಸರು ಬರೆಸಲು ಬಂದಿದ್ದ. ಬೆಳಿಗ್ಗೆ ಐದಕ್ಕೆ ಎದ್ದು ಹೂವು ತಂದು, ಕಟ್ಟಿ, ಮಾರುವವಳು ಅವಳು. ಅವನು ಸಂಜೆ ದುಡ್ಡು ಎಣಿಸಲು ಬರುತ್ತಾನೆ. ನಾನು ಪುಸ್ತಕದಲ್ಲಿ ಅವಳ ಹೆಸರು ಬರೆದೆ. ಅವನು ನನ್ನ ಮೇಲೆ ಇನ್ನೂ ಸಿಟ್ಟಾಗಿದ್ದಾನೆ, ಆಗಲಿ.

ಅರ್ಜಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಶುಲ್ಕ, ಪೋಸ್ಟಲ್ ಆರ್ಡರ್ ಇಟ್ಟರೆ ಸಾಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಬ್ಲೌಸ್ ಪೀಸ್ ಕಮ್ಮಿ ಇದ್ದಾಗ ತೋಳಿಗೂ ಬೆನ್ನಿಗೂ ಹೊಂದಿಸಿ ಕಟಿಂಗ್ ಮಾಡಿದ ಹಾಗೆ ಮಾಡಬೇಕು. ಸರ್ವೆ ಯಾವಾಗ ಆಯಿತು, ಗುರುತಿನ ಚೀಟಿ ಎಷ್ಟು ಕೊಟ್ಟಿದ್ದೀರಿ, ಸಮಿತಿ ಕೊನೆಯ ಸಲ ಸೇರಿದ್ದು ಯಾವಾಗ. ಇಷ್ಟೇ ಕೇಳಿದೆ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಬಂತು. ಒಂದಕ್ಕೆ ಉತ್ತರ, ಇನ್ನೊಂದಕ್ಕೆ “ಸಂಬಂಧಪಟ್ಟ ಶಾಖೆಗೆ ವರ್ಗಾಯಿಸಲಾಗಿದೆ”, ಮೂರನೆಯದರ ಸುದ್ದಿಯೇ ಇಲ್ಲ. ಮೇಲ್ಮನವಿ ಹಾಕಿದ್ದೇನೆ.

ಇನ್ನೊಂದು ಕೆಲಸ ನಾನಾಗಿಯೇ ಮೈಮೇಲೆ ಹಾಕಿಕೊಂಡದ್ದು. ಗುರುತಿನ ಚೀಟಿ ಇದ್ದವರೂ ಮನೆಯಲ್ಲಿ ಡಬ್ಬಿಯೊಳಗೆ ಇಟ್ಟು ಬರುತ್ತಿದ್ದರು. ಕೇಳಿದರೆ, ಸೊಪ್ಪಿಗೆ ಚಿಮುಕಿಸುವ ನೀರು ತಾಗಿ ಲ್ಯಾಮಿನೇಷನ್ ಬಾಯಿ ಬಿಡುತ್ತೆ ಎಂದರು. ಕೇಳುವವರು ಬಂದಾಗ ಚೀಟಿ ಡಬ್ಬಿಯಲ್ಲಿದ್ದು ಏನು ಉಪಯೋಗ? ಕೊರಳಿಗೆ ಹಾಕಿಕೊಳ್ಳುವ ಚೀಲ ಹೊಲಿದೆ. ಹಿಂದೆ ಉಳಿದ ಲೈನಿಂಗ್ ಬಟ್ಟೆ, ಮುಂದೆ ಸೀರೆ ಕವರಿನ ಪ್ಲಾಸ್ಟಿಕ್. ಕವರು ತಂದುಕೊಟ್ಟವರು ಅದೇ ಚೌಕಿಪೇಟೆಯ ಅಂಗಡಿಯಿಂದ, ನಮ್ಮ ಮನೆಯವರೇ. ಪ್ಲಾಸ್ಟಿಕ್ ಮಷಿನ್ ಪಾದಕ್ಕೆ ಅಂಟಿಕೊಂಡು ಮುಂದೆ ಹೋಗುವುದಿಲ್ಲ. ಮೇಲೊಂದು ಪೇಪರ್ ಪಟ್ಟಿ ಇಟ್ಟು ಹೊಲಿದು ಆಮೇಲೆ ಹರಿದು ತೆಗೆಯಬೇಕು. ಹೊಲಿಗೆ ದೊಡ್ಡದಿಡಬೇಕು, ಸಣ್ಣದಾದರೆ ತೂತಿನ ಸಾಲಿಗೇ ಸೀಳಿಹೋಗುತ್ತದೆ. ಬಾಯಿ ಕೆಳಗಿಲ್ಲ, ಮೇಲೂ ಇಲ್ಲ, ಪಕ್ಕಕ್ಕೆ ಇಟ್ಟಿದ್ದೇನೆ, ಮುಚ್ಚಳಕ್ಕೆ ಒಂದು ಹುಕ್ಸು. ಬಗ್ಗಿದರೆ ಚೀಟಿ ಬೀಳಬಾರದು, ಮಳೆ ಬಂದರೆ ನೀರು ಇಳಿಯಬಾರದು.

ಅಕ್ಕಪಕ್ಕದವರು ಯಾವ ಪಾರ್ಟಿ ಎಂದು ಕೇಳುತ್ತಾರೆ. ಯಾವುದರ ಮೆಂಬರೂ ಅಲ್ಲ. ಓಟು ಯಾರಿಗೆ ಅನ್ನುವುದು ಮನೆಯವರಿಗೂ ಹೇಳಿಲ್ಲ. ಒಬ್ಬ ಕಸ್ಟಮರ್ ಮಾತ್ರ, “ನೀವು ಪ್ರಗತಿಪರರು ಆಗಿಬಿಟ್ರಿ” ಎಂದು ಅಳತೆ ಬ್ಲೌಸ್ ವಾಪಸ್ ತೆಗೆದುಕೊಂಡು ಹೋದರು. ದೀಪಾವಳಿಗೆ ಮತ್ತೆ ಬಂದರು. ಕಟೋರಿ ಕಟಿಂಗ್ ಆ ಕಡೆ ಯಾರಿಗೂ ಸರಿಯಾಗಿ ಬರುವುದಿಲ್ಲ.

ಮೊನ್ನೆ ಸಭೆಯ ಹೊತ್ತಿನ ಬಗ್ಗೆ ನಾನೇ ಮಾತೆತ್ತಿದೆ. ಸಭೆ ನಡೆಯುತ್ತಿದ್ದುದು ರಾತ್ರಿ ಎಂಟಕ್ಕೆ. ಆವರಗೆರೆ, ಬಾತಿ ಕಡೆಯಿಂದ ಬರುವ ಹೆಂಗಸರು ಏಳೂವರೆಗೆ ಬಸ್ ಹಿಡಿದು ಹೋಗಿಬಿಡುತ್ತಾರೆ. ಉಳಿಯುವುದು ಗಂಡಸರು ಮತ್ತು ನಾನು. ಮಧ್ಯಾಹ್ನ ಮೂರಕ್ಕೆ ಇಡಿ, ಆಗ ವ್ಯಾಪಾರ ಇರುವುದಿಲ್ಲ ಎಂದೆ. ಕಾಮ್ರೇಡಣ್ಣ ತಲೆ ಕೆರೆದುಕೊಂಡು, “ಮಧ್ಯಾಹ್ನ ಗಂಡಸರಿಗೆ ಕೆಲಸ ಇರುತ್ತಲ್ಲಮ್ಮಾ” ಎಂದರು.

“ಹಂಗಾದ್ರೆ ಗಂಡಸ್ರು ರಾತ್ರಿ ಬೇರೆ ಮಾಡ್ಕಳ್ರಿ,” ಎಂದಳು ಸೊಪ್ಪಿನಕ್ಕ.

ಕೈ ಎತ್ತಿಸಿದರು. ಮೂರು ಗಂಟೆಗೆ ಜಾಸ್ತಿ ಕೈ ಬಂದವು. ಕಾಮ್ರೇಡಣ್ಣನ ಕೈಯೂ ಕೊನೆಗೆ ಮೇಲೆ ಹೋಯಿತು. ಈಗ ಮಂಗಳವಾರ ಮೂರಕ್ಕೆ. ಮುಂದಿನ ಸಲದ ವಿಷಯ, ಮಾರ್ಕೆಟ್ ಹತ್ತಿರ ಹೆಂಗಸರಿಗೆ ಶೌಚಾಲಯ. ಬೆಳಿಗ್ಗೆಯಿಂದ ನೀರೇ ಕುಡಿಯದೆ ಕೂರುವವರು ಎಷ್ಟು ಜನ ಎಂದು ಹೂವಿನಕ್ಕ ಗಾಡಿ ಗಾಡಿ ಕೇಳಿಕೊಂಡು ಬರುತ್ತಿದ್ದಾಳೆ. ಬರೆಯುವವಳು ನಾನು. ಇದು ಮನವಿ, ಮಾಹಿತಿ ಹಕ್ಕಿನ ಅರ್ಜಿಯಲ್ಲ. 150 ಪದದ ಕಟ್ಟು ಇಲ್ಲ. ಅವಳು ಹೇಳಿದ್ದನ್ನೆಲ್ಲ ಬರೆಯಬಹುದು.